ಮೇಘಗಣಕಕ್ಕೆ ಲೆಕ್ಕಪತ್ರಗಳ ಸ್ಥಳಾಂತರ: ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ

ಒಂದು ಸಂಸ್ಥೆಯು ತನ್ನ ದೈನಂದಿನ ವ್ಯವಹಾರಕ್ಕೆ ಆಧಾರವಾದ ತಂತ್ರಾಂಶಗಳನ್ನೂ ಅವುಗಳಲ್ಲಿ ಸಂಚಿತವಾದ ದತ್ತಾಂಶವನ್ನೂ ಸ್ವಂತ ಕಚೇರಿಯ ಗಣಕಯಂತ್ರಗಳಿಂದ ಬಿಡಿಸಿ, ಅನ್ಯರ ನಿರ್ವಹಣೆಯಲ್ಲಿದ್ದು ಅಂತರ್ಜಾಲದ ಮೂಲಕ ಬೇಕಾದಾಗ ಬೇಕಾದಷ್ಟನ್ನು ಮಾತ್ರ ಪಡೆದುಕೊಳ್ಳಬಹುದಾದ ದೂರದ ಗಣಕಸಮೂಹಕ್ಕೆ, ಅಂದರೆ ಲೋಕವು ಕ್ಲೌಡ್ ಎಂದು ಕರೆಯುವ ವ್ಯವಸ್ಥೆಗೆ, ಸಾಗಿಸುವ ಕಾರ್ಯವೇ ಈ ಲೇಖನದ ವಿಷಯ. ಹೊಸದಾಗಿ ಹುಟ್ಟಿದ ವಾಣಿಜ್ಯಸಂಸ್ಥೆಗಳು ಮೊದಲಿನಿಂದಲೇ ಕ್ಲೌಡಿನಲ್ಲಿ ಬೆಳೆದವು. ಅವಕ್ಕೆ ಸಾಗಿಸತಕ್ಕ ಹೊರೆಯೇ ಇರಲಿಲ್ಲ. ಬ್ಯಾಂಕು, ಸಹಕಾರ ಸಂಘ, ವಿಮೆ, ಕಂದಾಯ ಇವೇ ಮೊದಲಾದ ಸಂಪ್ರದಾಯನಿಷ್ಠ ಕ್ಷೇತ್ರಗಳ ಪಾಡು ಬೇರೆ. ನೂರು ವರ್ಷಗಳ ಬರವಣಿಗೆಯೂ, ಆ ಬರವಣಿಗೆಗೆ ಸಹಿಮಾಡಿದವರ ಹೊಣೆಯೂ, ಸಹಿಯನ್ನು ನಂಬಿ ನ್ಯಾಯಾಲಯಗಳು ಕೊಟ್ಟ ತೀರ್ಪುಗಳೂ ಅವುಗಳ ಬೆನ್ನಿಗಿರುವುದರಿಂದ, ಅಲ್ಲಿ ಸ್ಥಳಾಂತರವೆಂಬುದು ಯಂತ್ರದ ಬದಲಾವಣೆಯಾಗಿರುವುದಕ್ಕಿಂತ ಹೆಚ್ಚಾಗಿ ಅಧಿಕಾರದ ಬದಲಾವಣೆಯಾಗಿ ಪರಿಣಮಿಸುವುದು. ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಇಂಥ ತಂತ್ರಾಂಶಗಳನ್ನು ಅತ್ಯಧಿಕವಾಗಿ ಅವಲಂಬಿಸಿರುವ ಉದ್ಯಮವು ಒಕ್ಕಲುತನದ ಸಾಲವ್ಯವಹಾರವಾದುದರಿಂದ, ಜಮೀನಿನ ಹಕ್ಕುದಾಖಲೆಯಾದ ಪಹಣಿ, ಬೆಳೆಸಾಲ, ಸಹಕಾರ ಸಂಘ ಮತ್ತು ಬೆಳೆವಿಮೆಗಳ ಲೆಕ್ಕಪತ್ರಗಳು ಈ ಹಾದಿಯಲ್ಲಿ ಸಾಗಿಬಂದ ಬಗೆಯನ್ನು ಇಲ್ಲಿ ಪ್ರಧಾನವಾಗಿ ವಿವರಿಸಲಾಗಿದೆ.

ಚಿತ್ರದುರ್ಗ ಜಿಲ್ಲೆಯ ಈಶಾನ್ಯ ಭಾಗದಲ್ಲಿ ಒಂದಕ್ಕೊಂದು ಹೊಂದಿಕೊಂಡಿರುವ ಈ ಎರಡು ತಾಲ್ಲೂಕುಗಳು ರಾಜ್ಯದ ಅತ್ಯಂತ ಶುಷ್ಕ ಪ್ರದೇಶಗಳಲ್ಲಿ ಎಣಿಕೆಯಾಗುವಂಥವು. ವರ್ಷದ ಮಳೆ ಐನೂರು ಮಿಲಿಮೀಟರಿನ ಆಸುಪಾಸಿನಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕೆಂಪುನೆಲದಲ್ಲಿ ಬೆಳೆಯುವ ಶೇಂಗಾ, ಅದನ್ನು ನಂಬಿದ ಚಳ್ಳಕೆರೆಯ ಎಣ್ಣೆಗಿರಣಿಗಳು, ಕುರುಬ ನೇಕಾರರ ಕರಿಯ ಕಂಬಳಿ, ಮೊಳಕಾಲ್ಮೂರಿನ ರೇಷ್ಮೆಸೀರೆ ಇವು ಈ ಸೀಮೆಯ ಪ್ರಸಿದ್ಧ ಉತ್ಪನ್ನಗಳು. ಪೂರ್ವಕ್ಕೆ ಆಂಧ್ರದ ರಾಯದುರ್ಗ ಸೀಮೆ. ನಂಟಸ್ತಿಕೆಯೂ ಜಮೀನೂ ಗಡಿಯ ಎರಡು ಬದಿಗೂ ಹಬ್ಬಿರುವ ಮನೆತನಗಳು ಇಲ್ಲಿ ಸಾಮಾನ್ಯ. ಮುಂಗಾರಿನ ಮೊದಲ ಹದಕ್ಕೆ ಮುನ್ನ ಬೀಜಕ್ಕೂ ಗೊಬ್ಬರಕ್ಕೂ ಹಣ ಹುಟ್ಟಬೇಕು. ಹಣ ಹುಟ್ಟಬೇಕಾದರೆ ಸೊಸೈಟಿಯಲ್ಲೋ ಬ್ಯಾಂಕಿನಲ್ಲೋ ಸಾಲವಾಗಬೇಕು. ಸಾಲವಾಗಬೇಕಾದರೆ ಪಹಣಿ ಸರಿಯಿರಬೇಕು. ಮಳೆ ಕೈಕೊಟ್ಟರೆ ವಿಮೆ ಬರಬೇಕು, ವಿಮೆ ಬರಬೇಕಾದರೆ ಬೆಳೆ ಸಮೀಕ್ಷೆಯಲ್ಲಿ ಬರೆದ ಬೆಳೆಯೂ ಅರ್ಜಿಯಲ್ಲಿ ಬರೆದ ಬೆಳೆಯೂ ಒಂದೇ ಆಗಿರಬೇಕು. ಹೀಗೆ ಒಬ್ಬ ಖುಷ್ಕಿ ಒಕ್ಕಲಿಗನ ಒಂದು ವರ್ಷದ ಬದುಕು ನಾಲ್ಕೈದು ಕಚೇರಿಗಳ ಲೆಕ್ಕಗಳು ಪರಸ್ಪರ ತಾಳೆಯಾಗುವುದರ ಮೇಲೆ ನಿಂತಿರುವ ಸೀಮೆಯಲ್ಲಿ, ಆ ಲೆಕ್ಕಗಳು ಎಲ್ಲಿ ವಾಸಿಸುತ್ತವೆ ಎಂಬ ಪ್ರಶ್ನೆ ಪಂಡಿತರ ಕುತೂಹಲಕ್ಕೆ ಮಾತ್ರ ಸಂಬಂಧಿಸಿದುದಲ್ಲ.

ಬರವಣಿಗೆಯ ದಾಖಲೆಗೆ ಈ ಸೀಮೆ ಹೊಸತಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನಗಳು ಸುವರ್ಣಗಿರಿಯ ಆರ್ಯಪುತ್ರನಿಂದ ಇಸಿಲದ ಮಹಾಮಾತ್ರರಿಗೆ ರವಾನೆಯಾದ ಆಜ್ಞೆಗಳು. ಒಂದೇ ಆಜ್ಞೆಯನ್ನು ಹತ್ತಿರ ಹತ್ತಿರದ ಮೂರು ಬಂಡೆಗಳ ಮೇಲೆ ಕೊರೆಯಿಸಿ, ಕೊನೆಯಲ್ಲಿ ಚಪಡನೆಂಬ ಲಿಪಿಕಾರನು ತನ್ನ ಹೆಸರನ್ನೂ ನಮೂದಿಸಿದ್ದಾನೆ. ಕೇಂದ್ರದಿಂದ ಬಂದುದನ್ನು ಸ್ಥಳೀಯವಾಗಿ ಪ್ರತಿಮಾಡಿ, ಪ್ರತಿಮಾಡಿದವನ ಗುರುತನ್ನು ಉಳಿಸುವ ಪದ್ಧತಿ ಅಷ್ಟು ಹಳೆಯದು. ಬಹುಕಾಲದ ಅನಂತರ ಬಂದ ಶ್ಯಾನುಭೋಗರು ಬರೆಯುತ್ತಿದ್ದುದು ಕಡತದಲ್ಲಿ: ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕರಿಯ ಪುಸ್ತಕ ಅದು, ಬಳಪದಿಂದ ಬರೆದುದನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು. ಒರೆಸಬಹುದಾದ ಪುಸ್ತಕವನ್ನು ಊರು ನಂಬಿದ್ದಕ್ಕೆ ಕಾರಣ ಬರೆಯುವವನನ್ನು ಊರು ಬಲ್ಲದಾಗಿದ್ದುದೇ. ನಂಬಿಕೆ ಕೆಟ್ಟಾಗ ಊರು ಕೆಟ್ಟಿದ್ದೂ ಅದೇ ಕಾರಣದಿಂದ. 1961ರ ಗ್ರಾಮಾಧಿಕಾರ ರದ್ದಿಯಾತಿ ಶಾಸನದಿಂದ ವಂಶಪಾರಂಪರ್ಯದ ಶ್ಯಾನುಭೋಗಿಕೆ ಹೋಗಿ ಗ್ರಾಮಲೆಕ್ಕಿಗರು ಬಂದರು; 1964ರ ಭೂಕಂದಾಯ ಶಾಸನವು ತನ್ನ 133ನೆಯ ಪ್ರಕರಣದಲ್ಲಿ, ಹಕ್ಕುದಾಖಲೆಯಲ್ಲಿ ಬರೆದುದನ್ನು ವಿರುದ್ಧವು ರುಜುವಾತಾಗುವವರೆಗೆ ನಿಜವೆಂದೇ ಭಾವಿಸತಕ್ಕದ್ದೆಂದು ವಿಧಿಸಿತು. ಕಂದಾಯ ಕಚೇರಿಯವರೂ ಬ್ಯಾಂಕಿನವರೂ ಬರೆದುದನ್ನು ಕದಲಿಸಲು ಏಕೆ ಅಷ್ಟು ಅಂಜುವರೆಂಬುದಕ್ಕೆ ಈ ಒಂದು ಪ್ರಕರಣವನ್ನು ಓದಿದರೆ ಸಾಕು. ಅದನ್ನು ಜಡತ್ವವೆಂದು ಹಳಿಯುವವರು ತಪ್ಪು ಬರಹದ ಫಲವನ್ನು ಉಣ್ಣದವರು.

ಪುಸ್ತಕದಿಂದ ಯಂತ್ರಕ್ಕೆ ಮೊದಲ ದೊಡ್ಡ ಸ್ಥಳಾಂತರವಾದುದು ‘ಭೂಮಿ’ ಯೋಜನೆಯಲ್ಲಿ. 1999ರಲ್ಲಿ ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ ಪ್ರಯೋಗಾರ್ಥವಾಗಿ ಮೊದಲಾಗಿ, ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ತಂತ್ರಾಂಶದೊಡನೆ ರಾಜ್ಯದ ಅಂದಿನ 177 ತಾಲ್ಲೂಕುಗಳಿಗೂ ಹರಡಿದ ಈ ಯೋಜನೆಯು ಸುಮಾರು 2 ಕೋಟಿ ಪಹಣಿಗಳನ್ನೂ 67 ಲಕ್ಷ ಭೂಮಾಲೀಕರ ಹೆಸರುಗಳನ್ನೂ ಗಣಕಕ್ಕೆ ಏರಿಸಿತು. ಚಳ್ಳಕೆರೆ, ಮೊಳಕಾಲ್ಮೂರುಗಳ ತಾಲ್ಲೂಕು ಕಚೇರಿಗಳಲ್ಲಿಯೂ ಕಿಟಕಿಯ ಹಿಂದೆ ಒಂದು ಯಂತ್ರ ಕುಳಿತು, 15 ರೂಪಾಯಿಗೆ ಪಹಣಿಯ ಅಚ್ಚುಪ್ರತಿ ಕೈಗೆ ಬರುವಂತಾಯಿತು. ಇದಕ್ಕೆ ಮುಂಚಿನ ಗಣಕೀಕರಣ ಯತ್ನಗಳು ಸೊರಗಿದ್ದುದಕ್ಕೆ ಮುಖ್ಯ ಕಾರಣ, ಕೈಬರಹದ ಪಹಣಿಗೂ ಬೆಲೆ ಉಳಿದಿದ್ದುದು. ‘ಭೂಮಿ’ಯಲ್ಲಿ ಗಣಕದ ಪ್ರತಿ ಸಿದ್ಧವಾದ ಕಡೆಗಳಲ್ಲೆಲ್ಲ ಕೈಬರಹದ ಪ್ರತಿಯನ್ನು ಅಸಿಂಧುಗೊಳಿಸಿದುದರಿಂದ ಹಿಂದಿರುಗುವ ದಾರಿ ಮುಚ್ಚಿತು. ಬೆರಳಚ್ಚು ಕೊಡದೆ ಅಧಿಕಾರಿಯು ಯಂತ್ರವನ್ನು ಪ್ರವೇಶಿಸುವಂತಿರಲಿಲ್ಲ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಲೇವಾರಿ ಮಾಡತಕ್ಕದ್ದೆಂಬ ಕಟ್ಟು ತಂತ್ರಾಂಶದಲ್ಲಿಯೇ ಅಡಕವಾಗಿತ್ತು. ಈ ಸರದಿಯ ನಿಯಮವೇ, ನನ್ನ ಎಣಿಕೆಯಲ್ಲಿ, ಇಡೀ ಯೋಜನೆಯ ಅತ್ಯಂತ ಧೀರವಾದ ಸಾಲು.

ಗಮನಿಸತಕ್ಕ ಅಂಶವೆಂದರೆ, ಮೊದಲ ವರ್ಷಗಳ ‘ಭೂಮಿ’ ಪ್ರತಿಯೊಂದು ತಾಲ್ಲೂಕಿಗೂ ಪ್ರತ್ಯೇಕವಾದ ಸರ್ವರನ್ನು ಹೊಂದಿತ್ತು. ಚಳ್ಳಕೆರೆಯ ದತ್ತಾಂಶ ಚಳ್ಳಕೆರೆಯಲ್ಲಿಯೇ ಇತ್ತು. ವಿದ್ಯುತ್ತು ಹೋದರೆ ಆ ಒಂದು ತಾಲ್ಲೂಕಿಗೆ ಹೋಗುತ್ತಿತ್ತು. ಯಂತ್ರ ಕೆಟ್ಟರೆ ರಿಪೇರಿಗೆ ಯಾರನ್ನು ಕರೆಯಬೇಕೆಂಬುದು ಎಲ್ಲರಿಗೂ ಗೊತ್ತಿತ್ತು. ಅನಂತರ ಈ ತಾಲ್ಲೂಕು ಸರ್ವರುಗಳ ದತ್ತಾಂಶವು ರಾಜ್ಯವ್ಯಾಪಿ ಜಾಲದ ಮೂಲಕ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರವನ್ನು ಸೇರಿತು. ನಾಯಕನಹಟ್ಟಿ, ತಳಕು, ಪರಶುರಾಂಪುರ, ದೇವಸಮುದ್ರಗಳಂಥ ಹೋಬಳಿಕೇಂದ್ರಗಳ ನಾಡಕಚೇರಿಯಲ್ಲಿಯೇ ಪಹಣಿ ದೊರೆಯುವಂತಾದುದೂ, ಬಳಿಕ ಮನೆಯಲ್ಲಿ ಕುಳಿತೇ ಅದನ್ನು ನೋಡಬಹುದಾದುದೂ ಈ ಕೇಂದ್ರೀಕರಣದ ಫಲ. ಅದರೊಡನೆಯೇ ‘ಸರ್ವರ್ ಇಲ್ಲ’ ಎಂಬ ಎರಡು ಪದಗಳ ಉತ್ತರವೂ ಹುಟ್ಟಿತು. ಯಾವ ಊರಿನ ಯಾವ ಸರ್ವರು, ಏಕೆ ಇಲ್ಲ, ಎಂದಿಗೆ ಬಂದೀತು ಎಂಬುದನ್ನು ಉತ್ತರಿಸುವವನೂ ಅರಿಯನು.

ಬ್ಯಾಂಕುಗಳಲ್ಲಿ ಇದೇ ಪಯಣ ಇನ್ನೂ ನಿಧಾನವಾಗಿ ನಡೆಯಿತು. ರಿಸರ್ವ್ ಬ್ಯಾಂಕಿನ ರಂಗರಾಜನ್ ಸಮಿತಿಗಳು 1984ರಲ್ಲಿಯೂ 1989ರಲ್ಲಿಯೂ ಯಂತ್ರೀಕರಣವನ್ನು ಶಿಫಾರಸು ಮಾಡಿದವಾದರೂ, ನೌಕರಸಂಘಗಳ ಆತಂಕವನ್ನು 1993ರ ಒಪ್ಪಂದದಿಂದ ಸಮಾಧಾನಪಡಿಸುವವರೆಗೆ ಕೆಲಸಕ್ಕೆ ವೇಗ ಬರಲಿಲ್ಲ. ಶಾಖೆಶಾಖೆಗೂ ಬೇರೆಬೇರೆಯಾಗಿದ್ದ ಖಾತೆಗಳನ್ನು ಒಂದೇ ಕೇಂದ್ರದಲ್ಲಿ ಸೇರಿಸುವ ಕೋರ್ ಬ್ಯಾಂಕಿಂಗ್ ಪದ್ಧತಿ ದೊಡ್ಡ ಬ್ಯಾಂಕುಗಳಿಗೆ ಹೊಸ ಶತಮಾನದ ಮೊದಲ ದಶಕದಲ್ಲಿಯೂ ಗ್ರಾಮೀಣ ಬ್ಯಾಂಕುಗಳಿಗೆ 2010ರ ಆಸುಪಾಸಿನಲ್ಲಿಯೂ ಬಂದಿತು. ಈ ಸೀಮೆಯ ಗ್ರಾಹಕನು ಅದಕ್ಕಿಂತ ಸ್ಪಷ್ಟವಾಗಿ ಕಂಡುದು ಬ್ಯಾಂಕಿನ ನಾಮಾಂತರಗಳನ್ನು: ಕೆನರಾ ಬ್ಯಾಂಕಿನ ಪ್ರಾಯೋಜಕತ್ವದ ಚಿತ್ರದುರ್ಗ ಗ್ರಾಮೀಣ ಬ್ಯಾಂಕು 2005ರಲ್ಲಿ ತುಂಗಭದ್ರಾ, ಕೋಲಾರ ಮತ್ತು ಸಹ್ಯಾದ್ರಿ ಗ್ರಾಮೀಣ ಬ್ಯಾಂಕುಗಳೊಡನೆ ಕೂಡಿ ಪ್ರಗತಿ ಗ್ರಾಮೀಣ ಬ್ಯಾಂಕಾಯಿತು; 2013ರಲ್ಲಿ ಇನ್ನೊಂದು ವಿಲೀನದಿಂದ ಪ್ರಗತಿ ಕೃಷ್ಣಾ; 2019ರ ಏಪ್ರಿಲ್ 1ರಂದು ಕಾವೇರಿ ಗ್ರಾಮೀಣ ಬ್ಯಾಂಕು ಬಂದು ಸೇರಲು ಕರ್ನಾಟಕ ಗ್ರಾಮೀಣ ಬ್ಯಾಂಕು; 2025ರ ಮೇ 1ರಂದು ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕನ್ನೂ ಒಳಗೊಂಡು, ಬಳ್ಳಾರಿಯಲ್ಲಿ ಪ್ರಧಾನ ಕಚೇರಿಯುಳ್ಳ ರಾಜ್ಯದ ಏಕೈಕ ಗ್ರಾಮೀಣ ಬ್ಯಾಂಕು. ಇಪ್ಪತ್ತು ವರ್ಷಗಳಲ್ಲಿ ನಾಲ್ಕು ವಿಲೀನಗಳೆಂದರೆ ನಾಲ್ಕು ಬಾರಿ ಅನ್ಯರ ಖಾತೆಗಳನ್ನು ತಂದು ತಮ್ಮವುಗಳೊಡನೆ ಹೊಂದಿಸುವ ಹೊರೆ. ಕ್ಲೌಡಿನ ಪ್ರಚಾರಕರು ಸ್ಥಳಾಂತರವನ್ನು ಹೊಸ ಸಾಹಸವೆಂಬಂತೆ ವರ್ಣಿಸುವರು. ಈ ಶಾಖೆಗಳ ಗುಮಾಸ್ತರು ಅದನ್ನು ರಜಾದಿನಗಳ ರಾತ್ರಿಗಳಲ್ಲಿ ಬಹಳ ಸಲ ಮಾಡಿ ಮುಗಿಸಿದವರು.

ಕ್ಲೌಡ್ ಪದ್ಧತಿ ವಾಣಿಜ್ಯರೂಪದಲ್ಲಿ ಪ್ರಸಿದ್ಧಿಗೆ ಬಂದುದು 2006ರಲ್ಲಿ ಅಮೆಜಾನ್ ಸಂಸ್ಥೆಯು ತನ್ನ ಗಣಕಶಕ್ತಿಯನ್ನು ಬಾಡಿಗೆಗೆ ಕೊಡತೊಡಗಿದಾಗ. ಗ್ರಾಹಕನು ತಾನೇ ಕೇಳಿ ಪಡೆಯುವುದು, ಜಾಲದ ಮೂಲಕ ಎಲ್ಲಿಂದಲೂ ಮುಟ್ಟಲಾಗುವುದು, ಹಲವರ ನಡುವೆ ಸಂಪನ್ಮೂಲ ಹಂಚಿಕೆಯಾಗುವುದು, ಬೇಡಿಕೆಯಂತೆ ಹಿಗ್ಗಿ ಕುಗ್ಗುವುದು, ಬಳಸಿದಷ್ಟಕ್ಕೆ ಅಳತೆಯಿರುವುದು ಈ ಐದನ್ನು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯು 2011ರಲ್ಲಿ ಇದರ ಲಕ್ಷಣಗಳೆಂದು ನಿರ್ಣಯಿಸಿತು. ಭಾರತ ಸರ್ಕಾರವು 2014ರ ಫೆಬ್ರವರಿಯಲ್ಲಿ ‘ಮೇಘರಾಜ್’ ಕಾರ್ಯಕ್ರಮದ ಅಂಗವಾಗಿ ತನ್ನದೇ ರಾಷ್ಟ್ರೀಯ ಕ್ಲೌಡನ್ನು ಆರಂಭಿಸಿತು. ಹಿಗ್ಗಿ ಕುಗ್ಗುವ ಗುಣವು ಒಣಬೇಸಾಯದ ಸೀಮೆಗೆ ವಿಶೇಷವಾಗಿ ಒಪ್ಪುವಂಥದು: ಜೂನ್ ಜುಲೈಗಳಲ್ಲಿ ಸಾಲಕ್ಕೂ ವಿಮೆಗೂ ಜನ ಮುಗಿಬೀಳುವರು, ಮಾರ್ಚಿಯ ಕೊನೆಯಲ್ಲಿ ಸಾಲ ತಿರುವಿಹಾಕಲು ಮತ್ತೊಮ್ಮೆ, ಉಳಿದ ತಿಂಗಳುಗಳಲ್ಲಿ ಯಂತ್ರಕ್ಕೆ ಅರೆಗೆಲಸ. ಹೀಗಿದ್ದೂ ಬ್ಯಾಂಕುಗಳು ಮುಖ್ಯ ಲೆಕ್ಕವನ್ನು ತಮ್ಮ ಸ್ವಂತ ದತ್ತಾಂಶ ಕೇಂದ್ರದಲ್ಲಿಯೇ ಇರಿಸಿಕೊಂಡು, ಮಿಂಚಂಚೆ, ಸಿಬ್ಬಂದಿ ವಿವರ, ಸಾಲದ ಅರ್ಜಿ ಮುಂತಾದ ಹೊರಸುತ್ತಿನ ಕೆಲಸಗಳನ್ನು ಮೊದಲು ಕಳುಹಿಸಿದವು. ರಿಸರ್ವ್ ಬ್ಯಾಂಕು 2018ರಲ್ಲಿ ಪಾವತಿಗಳ ದತ್ತಾಂಶ ಭಾರತದಲ್ಲಿಯೇ ಇರತಕ್ಕದ್ದೆಂದು ಆಜ್ಞಾಪಿಸಿತು. 2023ರ ಏಪ್ರಿಲಿನಲ್ಲಿ ಹೊರಡಿಸಿ ಅಕ್ಟೋಬರಿನಿಂದ ಜಾರಿಗೆ ತಂದ ಹೊರಗುತ್ತಿಗೆಯ ನಿರ್ದೇಶನದಲ್ಲಿ, ಕೆಲಸವನ್ನು ಯಾರಿಗೆ ವಹಿಸಿದರೂ ಹೊಣೆ ಬ್ಯಾಂಕಿನದೇ ಎಂದೂ, ಬಿಟ್ಟುಬರುವ ದಾರಿಯನ್ನು ಮೊದಲೇ ಗೊತ್ತುಮಾಡಿಕೊಂಡಿರತಕ್ಕದ್ದೆಂದೂ ವಿಧಿಸಿತು.

ಸಾಗಿಸುವ ವಿಧಾನಗಳನ್ನು ಕುರಿತು ಶಾಸ್ತ್ರಗ್ರಂಥಗಳು ಹಲವು ಭೇದಗಳನ್ನು ಹೇಳುವುವು: ಇದ್ದಂತೆಯೇ ಎತ್ತಿಡುವುದು, ಸ್ವಲ್ಪ ತಿದ್ದಿ ಇಡುವುದು, ಬೇರುಸಹಿತ ಹೊಸದಾಗಿ ಕಟ್ಟುವುದು, ಸಿದ್ಧತಂತ್ರಾಂಶವನ್ನು ಕೊಳ್ಳುವುದು, ಕೆಲವನ್ನು ಇದ್ದಲ್ಲಿಯೇ ಬಿಡುವುದು. ವ್ಯವಹಾರದಲ್ಲಿ ಇವೆಲ್ಲಕ್ಕಿಂತ ದೊಡ್ಡದು ದತ್ತಾಂಶದ ಶುದ್ಧಿ. ಆ ಕಷ್ಟವನ್ನು ಅರಿಯಬೇಕಾದರೆ ಚಳ್ಳಕೆರೆಯ ಯಾವುದಾದರೊಂದು ಸೊಸೈಟಿಯ ಸದಸ್ಯರ ಪಟ್ಟಿಯನ್ನು ನೋಡಬೇಕು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಒಕ್ಕಲಾದ ಸೀಮೆಯಲ್ಲಿ ಮನೆಗೊಬ್ಬ ತಿಪ್ಪೇಸ್ವಾಮಿ, ಮನೆಗೊಬ್ಬಳು ತಿಪ್ಪಮ್ಮ. ಮ್ಯಾಸಬೇಡರ ಹಟ್ಟಿಗಳಲ್ಲಿ ಬೋರಯ್ಯ, ಓಬಯ್ಯ, ಪಾಲಯ್ಯ. ತಾತನ ಹೆಸರು ಮೊಮ್ಮಗನಿಗೆ ಬರುವುದರಿಂದ ‘ಬೋರಯ್ಯ ಬಿನ್ ಓಬಯ್ಯ’ ಎಂಬ ಪಹಣಿಯ ಒಂಬತ್ತನೆಯ ಕಲಮಿನ ಬರಹವು ಒಂದೇ ಮನೆಯ ಎರಡು ತಲೆಮಾರಿನ ಇಬ್ಬರಿಗೆ ಅನ್ವಯಿಸಬಹುದು, ನೆರೆಯ ಹಟ್ಟಿಯ ಮೂರನೆಯವನಿಗೂ ಅನ್ವಯಿಸಬಹುದು. ಗ್ರಾಮಲೆಕ್ಕಿಗನಿಗೆ ಇದು ತೊಡಕಾಗಿರಲಿಲ್ಲ. ‘ಹುಣಸೆಮರದ ಮನೆಯ ಬೋರಯ್ಯ’ ಎಂದರೆ ಅವನಿಗೆ ಸಾಕಾಗುತ್ತಿತ್ತು. ಆದರೆ ಆ ಹುಣಸೆಮರ ಯಾವ ಕಲಮಿನಲ್ಲಿಯೂ ಇರಲಿಲ್ಲವಾದುದರಿಂದ ಅದು ಯಂತ್ರಕ್ಕೆ ಏರಲಿಲ್ಲ. ಪಹಣಿಯಲ್ಲಿ ಹೆಸರು ಕನ್ನಡದಲ್ಲಿ, ಬ್ಯಾಂಕಿನಲ್ಲಿ ಇಂಗ್ಲಿಷಿನಲ್ಲಿ, ಅದರಲ್ಲಿಯೂ ‘ಟಿ’ ಅಕ್ಷರದ ಮುಂದೆ ‘ಎಚ್’ ಒಮ್ಮೆ ಉಂಟು ಒಮ್ಮೆ ಇಲ್ಲ. ಆಧಾರಿನಲ್ಲಿ ಮೂರನೆಯ ಬಗೆ. ಮೂರು ಕಡೆಯ ಮೂವರು ಒಬ್ಬನೇ ಎಂದು ರುಜುವಾತುಪಡಿಸಲು ಆ ಒಬ್ಬನು ನೋಟರಿಯ ಬಳಿಗೆ ಹೋಗಿ ಪ್ರಮಾಣಪತ್ರ ಮಾಡಿಸಬೇಕಾಗುವುದು.

ಅಳತೆಯ ಮಾತೂ ಹೀಗೆಯೇ. ಕರ್ನಾಟಕದ ಪಹಣಿಯಲ್ಲಿ 3.20 ಎಂದರೆ ಮೂರು ಎಕರೆ ಇಪ್ಪತ್ತು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆಯಾದುದರಿಂದ ಅದು ಸರಿಯಾಗಿ ಮೂರೂವರೆ ಎಕರೆ. ಗಡಿ ದಾಟಿ ರಾಯದುರ್ಗದ ಕಡೆಗೆ ಹೋದರೆ ಎಕರೆಗೆ ನೂರು ಸೆಂಟು; ಅಲ್ಲಿ ಬರೆದ 3.20 ಮೂರೂವರೆ ಎಕರೆಗಿಂತ ಮೂವತ್ತು ಸೆಂಟು ಕಡಿಮೆ. ಚುಕ್ಕೆಯನ್ನು ದಶಮಾಂಶವೆಂದು ತಿಳಿಯುವ ಯಾವುದೇ ತಂತ್ರಾಂಶವು ಚಳ್ಳಕೆರೆಯ ಒಕ್ಕಲಿಗನಿಗೆ ಅವನ ಹೊಲದಲ್ಲಿ ಹನ್ನೆರಡು ಗುಂಟೆಯನ್ನು ಸದ್ದಿಲ್ಲದೆ ಕಡಿಮೆಮಾಡಿಬಿಡುವುದು, ಮತ್ತು ಸಾಲದ ಮಿತಿಯೂ ವಿಮೆಯ ಮೊತ್ತವೂ ಎಕರೆಯ ಲೆಕ್ಕದಲ್ಲಿಯೇ ನಿರ್ಧಾರವಾಗುವುದರಿಂದ ಆ ಹನ್ನೆರಡು ಗುಂಟೆಯ ನಷ್ಟ ಹಣದಲ್ಲಿಯೂ ಕಾಣಿಸುವುದು. ಎರಡು ಬದಿಯಲ್ಲಿಯೂ ಜಮೀನುಳ್ಳ ಮೊಳಕಾಲ್ಮೂರಿನ ಕುಟುಂಬವು ಇತ್ತ ‘ಭೂಮಿ’ಯಲ್ಲಿ ಪಹಣಿಯನ್ನೂ ಅತ್ತ ‘ಮೀ ಭೂಮಿ’ಯಲ್ಲಿ ಅಡಂಗಲ್ಲನ್ನೂ ತೆಗೆಸಬೇಕು, ಎರಡೂ ಸರ್ಕಾರಗಳ ದತ್ತಾಂಶ ಇಂದು ದೂರದ ಕೇಂದ್ರಗಳನ್ನು ಸೇರಿದ್ದರೂ ಒಂದಕ್ಕೊಂದು ಪರಿಚಯವಿಲ್ಲ.

ಈ ಶುದ್ಧೀಕರಣಕ್ಕೆ ಅತ್ಯಂತ ದೊಡ್ಡ ಪರೀಕ್ಷೆ ಒದಗಿದುದು ಗಣಕಶಾಸ್ತ್ರದ ಕಡೆಯಿಂದಲ್ಲ, ರಾಜಕಾರಣದ ಕಡೆಯಿಂದ. 2018ರ ಜುಲೈ ತಿಂಗಳ ಆಯವ್ಯಯದಲ್ಲಿ ರಾಜ್ಯ ಸರ್ಕಾರವು ಬೆಳೆಸಾಲ ಮನ್ನಾವನ್ನು ಘೋಷಿಸಿದಾಗ, ವಾಣಿಜ್ಯ ಬ್ಯಾಂಕುಗಳ ಸಾಲದಲ್ಲಿ 2 ಲಕ್ಷ ಹಾಗೂ ಸಹಕಾರ ಸಂಘಗಳ ಸಾಲದಲ್ಲಿ 1 ಲಕ್ಷ ರೂಪಾಯಿಯ ಮಿತಿಯನ್ನೂ, ಕುಟುಂಬಕ್ಕೊಂದೇ ಎಂಬ ಕಟ್ಟನ್ನೂ ವಿಧಿಸಿತು. ಕುಟುಂಬವೆಂದರೆ ಯಾರು? ಅದನ್ನು ಪಡಿತರ ಚೀಟಿಯಿಂದ ತಿಳಿಯಬೇಕು. ವ್ಯಕ್ತಿ ಯಾರೆಂಬುದನ್ನು ಆಧಾರಿನಿಂದ, ಜಮೀನು ಯಾವುದೆಂಬುದನ್ನು ‘ಭೂಮಿ’ಯಿಂದ. ಬ್ಯಾಂಕಿನ ಖಾತೆಯೊಡನೆ ಈ ಮೂರೂ ಹೊಂದಬೇಕಾಗಿ ಬಂದುದರಿಂದ, ಅದುವರೆಗೆ ಬೇರೆಬೇರೆ ಕೋಣೆಗಳಲ್ಲಿ ಸುಖವಾಗಿ ಮಲಗಿದ್ದ ತಪ್ಪುಗಳೆಲ್ಲ ಒಂದೇ ಬಾರಿಗೆ ಎಚ್ಚತ್ತವು. ಪಡಿತರ ಚೀಟಿ ಬೇರೆಯಾಗದ ಅಣ್ಣತಮ್ಮಂದಿರೂ, ತೀರಿಹೋದ ತಂದೆಯ ಹೆಸರಿನಲ್ಲಿಯೇ ಖಾತೆ ಉಳಿದಿದ್ದವರೂ, ಜಂಟಿ ಖಾತೆಯ ಜಮೀನು ಪೋಡಿಯಾಗಿ ಬೇರೆಯಾಗದವರೂ ಶಾಖೆಯಿಂದ ಶಾಖೆಗೆ ಅಲೆದರು. ಅಲೆದಾಟ ನಿಜ, ಆದರೆ ರೈತನಿಗೆ ಒಂದೇ ಗುರುತಿನ ಸಂಖ್ಯೆ ಕೊಡುವ ‘ಫ್ರೂಟ್ಸ್’ ವ್ಯವಸ್ಥೆಗೂ, ಇಂದು ಹಳ್ಳಿಯ ಕಟ್ಟೆಯ ಮೇಲೂ ಕೇಳಿಬರುವ ‘ಎಫ್‌ಐಡಿ ಆಯಿತಾ?’ ಎಂಬ ಪ್ರಶ್ನೆಗೂ ನೆಲ ಹದವಾದುದು ಇಂಥ ತಾಳೆನೋಟಗಳಿಂದಲೇ.

ಕ್ಲೌಡ್ ಎಂಬ ಹೆಸರಿಗೆ ಪೂರ್ಣವಾಗಿ ಸಲ್ಲುವ ಸ್ಥಳಾಂತರವು ಈ ತಾಲ್ಲೂಕುಗಳಿಗೆ ಬಂದುದು ಎಲ್ಲಕ್ಕಿಂತ ಹಳೆಯ ಬಾಗಿಲಿನಿಂದ, ಅಂದರೆ ಸೊಸೈಟಿಯಿಂದ. ಭಾರತದ ಸಹಕಾರ ಚಳವಳಿಯ ಮೊದಮೊದಲ ಕೃಷಿ ಪತ್ತಿನ ಸಂಘಗಳಲ್ಲಿ ಒಂದು 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ಹುಟ್ಟಿತೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಆದರೆ ನಗದು ಪುಸ್ತಕ, ಖತಾವಣಿ, ಸದಸ್ಯರ ಪಾಸುಪುಸ್ತಕಗಳ ಕೈಬರಹದ ಪದ್ಧತಿಯು ಅಲ್ಲಿಂದೀಚೆಗೆ ನೂರು ವರ್ಷಗಳಾದರೂ ಬಹಳ ಸಂಘಗಳಲ್ಲಿ ಹಾಗೆಯೇ ಉಳಿಯಿತು. 2022ರ ಜೂನ್ 29ರಂದು ಕೇಂದ್ರ ಸಚಿವ ಸಂಪುಟವು 2,516 ಕೋಟಿ ರೂಪಾಯಿ ವೆಚ್ಚದಲ್ಲಿ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆಯಿತ್ತಿತು. ಪ್ರತಿಯೊಂದು ಸಂಘಕ್ಕೂ ಬೇರೆ ಯಂತ್ರ, ಬೇರೆ ತಂತ್ರಾಂಶ ಎಂಬ ಹಿಂದಿನ ಕ್ರಮವನ್ನು ಬಿಟ್ಟು, ನಬಾರ್ಡಿನ ನಿರ್ವಹಣೆಯಲ್ಲಿ ಕ್ಲೌಡಿನಲ್ಲಿ ನೆಲೆಸಿದ ಒಂದೇ ರಾಷ್ಟ್ರೀಯ ತಂತ್ರಾಂಶವನ್ನು ಎಲ್ಲರೂ ಬಳಸತಕ್ಕದ್ದೆಂಬುದು ಇದರ ವಿಶೇಷ.

ಇಲ್ಲಿ ಕಾರ್ಯದರ್ಶಿಯ ಪಾತ್ರವನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯ. ಸೊಸೈಟಿಯ ಕಾರ್ಯದರ್ಶಿಯೆಂದರೆ ಸಾಲ ಕೊಡುವವನೂ ಗೊಬ್ಬರ ಮಾರುವವನೂ ಹಲವೆಡೆ ಪಡಿತರ ಹಂಚುವವನೂ ಲೆಕ್ಕ ಬರೆಯುವವನೂ ಆದ ಏಕವ್ಯಕ್ತಿ ಸಂಸ್ಥೆ. ಹಳೆಯ ಲೆಕ್ಕವನ್ನು ಹೊಸ ವ್ಯವಸ್ಥೆಗೆ ಏರಿಸುವ ಮುನ್ನ ಸದಸ್ಯರೊಬ್ಬೊಬ್ಬರ ಷೇರು, ಠೇವಣಿ, ಅಸಲು, ಬಡ್ಡಿಗಳ ಬಾಕಿಯನ್ನು ಗೊತ್ತುಮಾಡಿ, ಒಟ್ಟು ಮೊತ್ತವು ಲೆಕ್ಕಪರಿಶೋಧಿತ ಆಢಾವೆಯೊಡನೆ ಹೊಂದುವಂತೆ ಮಾಡಬೇಕು. ಸಾಲಮನ್ನಾಗಳೂ, ಬಡ್ಡಿಮನ್ನಾಗಳೂ, ಬರದ ವರ್ಷಗಳಲ್ಲಿ ಅವಧಿಸಾಲಕ್ಕೆ ಪರಿವರ್ತನೆಯಾದ ಬೆಳೆಸಾಲಗಳೂ ಪದರಪದರವಾಗಿ ಕುಳಿತ ಪುಸ್ತಕದಲ್ಲಿ ಈ ಹೊಂದಾಣಿಕೆ ಸುಲಭವಾಗಿ ಬರತಕ್ಕದ್ದಲ್ಲ. ಅನಂತರ ಕೆಲಕಾಲ ಪುಸ್ತಕವನ್ನೂ ಯಂತ್ರವನ್ನೂ ಜೊತೆಜೊತೆಯಾಗಿ ನಡೆಸಬೇಕು. ಪ್ರತಿದಿನ ಸಂಜೆ ಲೆಕ್ಕ ಮುಚ್ಚುವ ‘ಡೇ ಎಂಡ್’ ಆಗಬೇಕು. ಹಿಂದೆ ವಾರದ ಬರವಣಿಗೆಯನ್ನು ಶನಿವಾರ ಕುಳಿತು ಪೂರೈಸುತ್ತಿದ್ದವನಿಗೆ ಇದು ಸಾಮಾನ್ಯ ಶಿಸ್ತಲ್ಲ. ಇಂದಿನ ದಿನ ಮುಚ್ಚದೆ ನಾಳೆಯ ದಿನ ತೆರೆಯದು. ಜಾಲವಿಲ್ಲದ ಸಂಜೆಯ ಪಾಪ ಮರುದಿನ ಬೆಳಗ್ಗೆ ಗೊಬ್ಬರಕ್ಕೆ ಬಂದು ನಿಂತವರ ತಲೆಗೆ. ಇಷ್ಟಾದರೂ ನಾನು ಈ ಕ್ರಮದ ಪಕ್ಷಪಾತಿಯೇ: ದಿನದ ಲೆಕ್ಕ ದಿನವೇ ಮುಚ್ಚುವುದಾದರೆ, ಸದಸ್ಯನು ಕಟ್ಟಿದ ಕಂತು ಅವನ ಖಾತೆಗೆ ಏರುವ ಮುನ್ನ ಇನ್ನೊಬ್ಬರ ಜೇಬಿನಲ್ಲಿ ತಿಂಗಳುಗಟ್ಟಲೆ ತಂಗುವ ಹಳೆಯ ರೋಗಕ್ಕೆ ಅದಕ್ಕಿಂತ ಒಳ್ಳೆಯ ಮದ್ದು ಇದುವರೆಗೆ ಕಂಡುಬಂದಿಲ್ಲ.

ಒಂದೆಡೆ ಸೇರಿಸಿದುದರ ಅಪಾಯವೂ ಒಂದೆಡೆಯೇ ಸೇರುವುದು. 2018ರ ಏಪ್ರಿಲಿನಲ್ಲಿ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು ತನ್ನೆಲ್ಲ ಗ್ರಾಹಕರನ್ನು ಒಂದೇ ವಾರಾಂತ್ಯದಲ್ಲಿ ಹೊಸ ವ್ಯವಸ್ಥೆಗೆ ದಾಟಿಸಹೋಗಿ, ಹತ್ತೊಂಬತ್ತು ಲಕ್ಷದಷ್ಟು ಜನ ತಮ್ಮ ಖಾತೆಗಳನ್ನು ಮುಟ್ಟಲಾರದಂತಾಯಿತು. ಅಲ್ಲಿಯ ನಿಯಂತ್ರಕರು 2022ರಲ್ಲಿ ಅದಕ್ಕೆ 4.86 ಕೋಟಿ ಪೌಂಡುಗಳ ದಂಡ ವಿಧಿಸಿದರು. ನಮ್ಮಲ್ಲಿ 2024ರ ಜುಲೈ 31ರಂದು, ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಾಂಶ ಸೇವೆ ಒದಗಿಸುವ ಸಿ-ಎಡ್ಜ್ ಸಂಸ್ಥೆಯ ಮೇಲೆ ಸುಲಿಗೆಕೋರ ತಂತ್ರಾಂಶದ ದಾಳಿಯಾದುದರಿಂದ ರಾಷ್ಟ್ರೀಯ ಪಾವತಿ ನಿಗಮವು ಅದನ್ನು ತನ್ನ ಜಾಲದಿಂದ ಬೇರ್ಪಡಿಸಬೇಕಾಯಿತು. ದೇಶದ ಸುಮಾರು ಮುನ್ನೂರು ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಪಾವತಿ ಸೇವೆಗಳು ನಿಂತು, ಮರುದಿನ ಮತ್ತೆ ಹರಿದವು. 2025ರ ಮೊದಲ ತಿಂಗಳುಗಳಲ್ಲಿ ನೋಂದಣಿ ಇಲಾಖೆಯ ‘ಕಾವೇರಿ 2.0’ ಜಾಲತಾಣದ ಮೇಲೆ ಕೃತಕ ಬೇಡಿಕೆಗಳ ಪ್ರವಾಹವನ್ನು ಹರಿಸಿದುದರಿಂದ ರಾಜ್ಯದಾದ್ಯಂತ ಉಪನೋಂದಣಿ ಕಚೇರಿಗಳಲ್ಲಿ ಕ್ರಯಪತ್ರಗಳೂ ಋಣಭಾರ ಪತ್ರಗಳೂ ದಿನಗಟ್ಟಲೆ ತಡೆದುವು. ಹಿಂದೆ ಚಳ್ಳಕೆರೆಯ ಕಚೇರಿ ಮುಚ್ಚಿದರೆ ಹಿರಿಯೂರಿನದು ತೆರೆದಿರುತ್ತಿತ್ತು.

ಚಳ್ಳಕೆರೆಯಂಥ ಶೇಂಗಾ ಪೇಟೆಗಳು ಕಂಡ ಬದಲಾವಣೆಯನ್ನು ಇಲ್ಲಿ ಸೂಚಿಸಿ ಬಿಡಬಹುದು. 2014ರಲ್ಲಿ ರಾಜ್ಯವು ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿ, ಎಪಿಎಂಸಿ ಪ್ರಾಂಗಣಗಳ ಹರಾಜನ್ನು ಗಣಕದ ಟೆಂಡರಿಗೆ ತಂದಿತು; ಕೇಂದ್ರದ ಇಂಥದೇ ವೇದಿಕೆಯಾದ ಇ-ನಾಮ್ ಬಂದುದು 2016ರ ಏಪ್ರಿಲಿನಲ್ಲಿ, ಅದಕ್ಕೆ ಎರಡು ವರ್ಷ ತರುವಾಯ. ಬೆಲೆ ಕೂಗುವ ಬಾಯಿ ಮುಚ್ಚಿತಾದರೂ, ಬಿತ್ತನೆಗೆ ಮುಂಗಡ ಕೊಟ್ಟ ಆಡತಿಯವರ ಅಂಗಡಿಗೇ ಚೀಲ ಇಳಿಯುವ ವಾಡಿಕೆ ಯಾವ ವೇದಿಕೆಯನ್ನೂ ಕೇಳಿ ಹುಟ್ಟಿದುದಲ್ಲವಾಗಿ, ಕೇಳಿ ಹೋಗುವುದೂ ಇಲ್ಲ. ವಿಮೆಯ ಕಡೆಯ ತೊಡಕು ಇನ್ನೊಂದು ಬಗೆಯದು: ಬೆಳೆವಿಮೆಯ ‘ಸಂರಕ್ಷಣೆ’ ತಾಣದಲ್ಲಿ ಶೇಂಗಾ ಎಂದು ನೋಂದಾಯಿಸಿ, ಬೆಳೆ ಸಮೀಕ್ಷೆಯ ಮೊಬೈಲಿನಲ್ಲಿ ತೊಗರಿಯೆಂದು ದಾಖಲಾದರೆ ಪರಿಹಾರದ ಅರ್ಜಿ ತಿರಸ್ಕೃತವಾಗುವುದು. ಮುಖ್ಯ ಬೆಳೆಯ ನಡುನಡುವೆ ಅಕ್ಕಡಿಸಾಲು ಇಡುವ ಒಕ್ಕಲುತನದಲ್ಲಿ ಎರಡೂ ನಿಜವಾಗಿರಬಹುದು.

ಪುಸ್ತಕದಲ್ಲಿ ಇಲ್ಲದುದು ಕ್ಲೌಡಿಗೂ ಏರುವುದಿಲ್ಲ ಎಂಬುದಕ್ಕೆ ಈ ಸೀಮೆಯಲ್ಲಿಯೇ ಒಂದು ದೊಡ್ಡ ನಿದರ್ಶನವುಂಟು. ಚಳ್ಳಕೆರೆ ತಾಲ್ಲೂಕಿನ ಕುದಾಪುರ, ವರವು, ಉಳ್ಳಾರ್ತಿಗಳ ಅಮೃತಮಹಲ್ ಕಾವಲುಗಳಲ್ಲಿ ಸುತ್ತಲ ಹಳ್ಳಿಗಳ ದನಕುರಿಗಳು ತಲೆತಲಾಂತರದಿಂದ ಮೇಯುತ್ತಿದ್ದವು. ಅಲ್ಲಿಯ ಸಾವಿರಾರು ಎಕರೆಯನ್ನು ಭಾರತೀಯ ವಿಜ್ಞಾನ ಸಂಸ್ಥೆ, ರಕ್ಷಣಾ ಸಂಶೋಧನಾ ಸಂಸ್ಥೆ, ಭಾಭಾ ಅಣು ಸಂಶೋಧನಾ ಕೇಂದ್ರ ಮತ್ತು ಇಸ್ರೋಗಳಿಗೆ ಮಂಜೂರು ಮಾಡಿದಾಗ, ದಾಖಲೆಯಲ್ಲಿ ಅದು ಸರ್ಕಾರಿ ಜಮೀನಾಗಿಯೇ ಇತ್ತು. ಮೇವಿನ ರೂಢಿಗೆ ಒಂದು ಕಲಮು ಇರಲಿಲ್ಲ. ವಿವಾದವು ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ದೇಶದ ಅತ್ಯಾಧುನಿಕ ವಿಜ್ಞಾನಕ್ಕೆ ನೆಲವನ್ನೊದಗಿಸಿದ ತಾಲ್ಲೂಕೇ ಪಹಣಿಯ ಹನ್ನೊಂದನೆಯ ಕಲಮಿನಲ್ಲಿ ತೀರಿದ ಸಾಲ ಇನ್ನೂ ಕುಳಿತಿದೆಯೆಂದು ಕಚೇರಿಗೆ ಅಲೆಯುವ ತಾಲ್ಲೂಕೂ ಆಗಿರುವುದು ಕಾಲದ ವೈಚಿತ್ರ್ಯ.

ಆ ಹನ್ನೊಂದನೆಯ ಕಲಮಿನ ಸಂಗತಿಯಲ್ಲಿಯೇ ಇಡೀ ಸ್ಥಳಾಂತರದ ಮರ್ಮ ಅಡಗಿದೆ. ‘ಇತರೆ ಹಕ್ಕುಗಳು ಮತ್ತು ಋಣಗಳು’ ಎಂಬ ಆ ಅಂಕಣದಲ್ಲಿ ಬ್ಯಾಂಕಿನ ಸಾಲವು ಇಂದು ಜಾಲದ ಮೂಲಕವೇ ಬಂದು ಕೂರುವುದು. ತೀರಿದ ಬಳಿಕ ಜಾಲದ ಮೂಲಕವೇ ಏಳಬೇಕು. ಕೂರಿಸುವುದರಲ್ಲಿ ಬ್ಯಾಂಕಿಗೆ ಇರುವ ಆತುರ ಎಬ್ಬಿಸುವುದರಲ್ಲಿ ಇರದು. ಹಿಂದೆ ಬೇಬಾಕಿ ಪತ್ರವನ್ನು ಕೈಯಲ್ಲಿ ಹಿಡಿದು ಗ್ರಾಮಲೆಕ್ಕಿಗನ ಮುಂದೆ ಕುಳಿತರೆ ಕೆಲಸ ಒಂದು ಹಗಲಿನ ಮಾತು, ಕೆಲವು ಸಲ ಒಂದು ಲಂಚದ ಮಾತು. ಇಂದು ಲಂಚಕ್ಕೆ ಎಡೆ ಕಿರಿದಾಗಿದೆ, ತಿದ್ದುವವನ ಗುರುತೂ ಕಿರಿದಾಗಿದೆ. ಬ್ಯಾಂಕು ತಾನು ಕಳುಹಿಸಿದೆನೆನ್ನುವುದು, ತಾಲ್ಲೂಕು ಕಚೇರಿ ತನಗೆ ಬಂದಿಲ್ಲವೆನ್ನುವುದು, ನಡುವಣ ತಂತ್ರಾಂಶ ಮಾತನಾಡುವುದಿಲ್ಲ. ದತ್ತಾಂಶವನ್ನು ಕೇಂದ್ರಕ್ಕೆ ಒಯ್ದವರು ತಿದ್ದುವ ಅಧಿಕಾರವನ್ನು ತಹಶೀಲ್ದಾರರ ಮೇಜಿನಲ್ಲಿಯೇ ಬಿಟ್ಟಿದ್ದರೂ, ತಪ್ಪು ಎಲ್ಲಿ ಹುಟ್ಟಿತೆಂಬುದನ್ನು ಆ ಮೇಜಿನಿಂದ ನೋಡುವ ಸಾಧನವನ್ನು ಅದರೊಡನೆ ಕೊಡಲಿಲ್ಲ. ಹೊಸ ತಂತ್ರಾಂಶಗಳಲ್ಲಿ ಯಾವುದಾದರೊಂದು ಸುಧಾರಣೆಯನ್ನು ಮೊದಲು ಬಯಸಬೇಕಾದರೆ ಇದನ್ನೇ ಬಯಸಬೇಕು.

ಗ್ರಾಮಲೆಕ್ಕಿಗರು ಈಗ ಗ್ರಾಮ ಆಡಳಿತ ಅಧಿಕಾರಿಗಳೆಂಬ ಹೆಸರನ್ನು ಪಡೆದಿದ್ದಾರೆ. ಪಹಣಿಗೆ ಆಧಾರ್ ಜೋಡಿಸುವುದು, ಬೆಳೆ ಸಮೀಕ್ಷೆ, ತೀರಿಹೋದವರ ಹೆಸರಿನ ಪೌತಿ ಖಾತೆಯ ವಿಚಾರಣೆ ಇವೆಲ್ಲವೂ ಒಂದೊಂದು ಮೊಬೈಲ್ ಆ್ಯಪ್ ಆಗಿ ಅವರ ಕೈಸೇರಿದ ಮೇಲೆ, 2024ರ ಸೆಪ್ಟೆಂಬರಿನ ಕೊನೆಯಲ್ಲಿ ರಾಜ್ಯಾದ್ಯಂತ ಅವರು ಆ ಆ್ಯಪ್‌ಗಳ ಕೆಲಸವನ್ನು ನಿಲ್ಲಿಸಿ ಮುಷ್ಕರ ಹೂಡಿದರು. ಅವರ ಬೇಡಿಕೆಗಳ ಪಟ್ಟಿಯಲ್ಲಿ ಮೊಬೈಲು, ಲ್ಯಾಪ್‌ಟಾಪು, ಸ್ಕ್ಯಾನರು, ಇಂಟರ್ನೆಟ್ಟುಗಳೊಡನೆ ಕುಳಿತು ಕೆಲಸಮಾಡಲು ಒಂದು ಮೇಜು, ಒಂದು ಕುರ್ಚಿ ಮತ್ತು ಕಾಗದಗಳನ್ನಿಡಲು ಒಂದು ಬೀರುವೂ ಇದ್ದುವು.